ತಗಡಿನ ಕರ್ನಾಟಕ, ಬೀಗ ಹಾಕಿದ ಬೀರು

ದಾಸರಹಳ್ಳಿಯ ರಾಗಿಹೊಲಗಳ ಅಂಚಿಗೆ ಪೀಣ್ಯದ ಶೆಡ್ಡುಗಳು ಬಂದು ನಿಂತಿದ್ದ ಕಾಲವದು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಮ್ಮ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಎರಡು ವಿಭಾಗಗಳ ನಡುವೆ ಇದ್ದದ್ದು ಬಿದಿರಿನ ತಡಿಕೆ ಮಾತ್ರ. ಅದರ ಸಂದಿಗೆ ಕಣ್ಣಿಟ್ಟು ನಾನು ಇಡೀ ವರ್ಷ ಹೊಟ್ಟೆಕಿಚ್ಚು ಪಟ್ಟೆ.

ಆಚೆಯದು ನೂರ್‌ಜಹಾನ್ ಮಿಸ್ ಅವರ ವಿಭಾಗ. ಅಲ್ಲಿನ ಮಕ್ಕಳ ತಂದೆಯರಲ್ಲಿ ಹೆಚ್ಚಿನವರು ಶೆಡ್ಡುಗಳಲ್ಲಿ ತಗಡು ಕತ್ತರಿಸುವವರು. ಅವರಲ್ಲೊಬ್ಬರಾದ ಬಾಬಾಜಾನ್ ಶುಕ್ರವಾರದ ನಮಾಜು ಮುಗಿಸಿ ಬರುವಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, "ಏನ್ ಬೇಕು ಮಿಸ್?" ಎಂದು ಕೇಳುತ್ತಿದ್ದರು. ಕೇಳಿದ್ದನ್ನು ಎಲ್ಲರೂ ಸೇರಿ ಒದಗಿಸುತ್ತಿದ್ದರು. ಹಾಗೆ ಬಂದದ್ದು ತಗಡಿನ ಕರ್ನಾಟಕ: ಜಿಲ್ಲೆ ಜಿಲ್ಲೆಯಾಗಿ ಬಿಡಿಸಿ ಜೋಡಿಸಬಹುದಾದ, ಮಕ್ಕಳ ಬೆರಳು ಕುಯ್ಯದಂತೆ ಅಂಚುಗಳನ್ನು ಅರದಿಂದ ಉಜ್ಜಿದ್ದ ನಕ್ಷೆ. ಹೊಸ ಬಣ್ಣದ ವಾಸನೆ ತಡಿಕೆ ದಾಟಿ ಬಂತು. ಬಾಬಾಜಾನರ ಮಗಳು ಶಮೀಮ ಬೀದರನ್ನು ಅಂಗೈಯಲ್ಲಿಟ್ಟು ತೋರಿಸಿದಳು.

"ನೋಡ್ಕೊ ಕಣೇ, ಮುಟ್ಟಂಗಿಲ್ಲ!"

ಅಂದು ಕುಂಟೆಬಿಲ್ಲೆಗೆ ಅವಳನ್ನು ನಾನು ಸೇರಿಸಿಕೊಳ್ಳಲಿಲ್ಲ.

ನಮ್ಮ ಸಾವಿತ್ರಮ್ಮ ಮಿಸ್ ಸೀಮೆಸುಣ್ಣವನ್ನೂ ತಮ್ಮ ಸಂಬಳದಲ್ಲೇ ಕೊಳ್ಳುತ್ತಿದ್ದರು. ಅದು ಸರ್ಕಾರದ ತಪ್ಪು. ಜಮೀನುಳ್ಳ ನಮ್ಮ ಮನೆಗಳವರು ಅದನ್ನು ಕಂಡೂ ಸುಮ್ಮನಿದ್ದುದು ಊರಿನ ತಪ್ಪು. ನಾನು ಕಾಡಿದ್ದಕ್ಕೆ ಅಪ್ಪ ಕಳುಹಿಸಿದ್ದು ಒಂದು ಕಬ್ಬಿಣದ ಬೀರು. ಅದರ ಎದೆಯ ಮೇಲೆ ಕೆಂಪಕ್ಷರದಲ್ಲಿ ಅವರ ಹೆಸರು.

"ಸೀಮೆಸುಣ್ಣ ಅಲ್ವೇನಪ್ಪ ನಾನ್ ಕೇಳಿದ್ದು?"

"ಸೀಮೆಸುಣ್ಣದ ಮೇಲೆ ಎಸ್ರು ಬರ್ಸಕಾಯ್ತದೇನವ್ವ?" ಎಂದು ಅಪ್ಪ ನಕ್ಕರು.

ಹೆಡ್‌ಮಾಸ್ಟರು ಬೀರುವಿಗೆ ಬೀಗ ಜಡಿದರು. ಒಳಗಿಡಲು ನಮ್ಮಲ್ಲಿ ಏನೂ ಇರಲಿಲ್ಲ. ಪಡೆಯುವವರನ್ನು ಕೇಳದೆ ಕೊಟ್ಟದ್ದನ್ನು ದಾನವೆನ್ನಲು ನನಗೆ ಇಂದಿಗೂ ಮನಸ್ಸೊಪ್ಪದು.

ಮುಂದಿನ ಶುಕ್ರವಾರ ನಾನೇ ಬಾಬಾಜಾನರನ್ನು ಅಡ್ಡಗಟ್ಟಿದೆ.

"ಚಾಚಾ, ನಮ್ಗೂ ಒಂದ್ ಕರ್ನಾಟಕ ಮಾಡ್ಕೊಡಿ."

"ಮಾಡೋಣ ಬೇಟಿ. ನಿಮ್ ಮಿಸ್‌ಗೂ ಅದೇ ಬೇಕಾ? ಕೇಳ್ಕೊಂಡ್ ಬಾ, ಹೋಗು."

ನಕ್ಷೆಯೆಂದೇ ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ಕೇಳಿದೆ. ಮಿಸ್ ಬರೆಯುತ್ತಿದ್ದುದನ್ನು ನಿಲ್ಲಿಸಿ ನನ್ನತ್ತ ತಿರುಗಿದರು. "ನನಗಾ?" ಎಂದರು. ಆಮೇಲೆ, "ಕಿಟಕಿಗೊಂದು ಪರದೆ ಆಗಿದ್ರೆ ಸಾಕಿತ್ತು ಕಣಮ್ಮ. ಮಧ್ಯಾಹ್ನ ಬೋರ್ಡ್ ಮೇಲೆ ಬಿಸಿಲು ಬೀಳುತ್ತೆ. ಹಿಂದೆ ಕೂತಿರೋರಿಗೆ ಅಕ್ಷರವೇ ಕಾಣಲ್ಲ."

ನನಗೆ ಅಳು ಬಂತು. ಆದರೂ ಕೇಳಿದ್ದನ್ನೇ ಹೋಗಿ ಹೇಳಿದೆ. ಬಾಬಾಜಾನ್ ಪರದೆ ತೂಗುಹಾಕಲು ಕಿಟಕಿಗೆ ಸರಳು ಬಡಿದುಕೊಟ್ಟರು. ಅಮ್ಮ ತನ್ನ ಹಳೆಯ ಸೀರೆಯಲ್ಲಿ ಪರದೆ ಹೊಲಿದುಕೊಟ್ಟಳು. ಹಿಂದಿನ ಸಾಲಿನವರು ಮೊದಲ ಬಾರಿಗೆ ಬೋರ್ಡು ನೋಡಿ ಗಟ್ಟಿಯಾಗಿ ಓದಿದರು. ಬೀದರ್ ಮಾತ್ರ ನನ್ನ ಕೈಗೆ ಬರಲೇ ಇಲ್ಲ.

ಈಗ ಆ ಭಾಗದಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಮಕ್ಕಳನ್ನು ಗೇಟಿನವರೆಗೆ ಬಿಟ್ಟು ಹಿಂತಿರುಗುವ ನಾವು ಶುಲ್ಕ ಕಟ್ಟುತ್ತೇವೆ, ದೂರು ಹೇಳುತ್ತೇವೆ. ಮಕ್ಕಳಿಗೆ ಪಾಠ ಹೇಳುವವರಿಗೆ ಏನು ಬೇಕೆಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಇದು ನಮ್ಮೆಲ್ಲರ ತಪ್ಪು. ನಕ್ಷೆಯ ಆಸೆ ಎಂದೋ ಹೋಯಿತು. ಅಂಥ ಅಪ್ಪನನ್ನು ಪಡೆದಿದ್ದ ಶಮೀಮಳ ಮೇಲಿನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.