ಎಳೆ ಕಿತ್ತರೆ ಎತ್ತುವ ಬೆರಳು

ನಾಲ್ಕೈದು ವರ್ಷಗಳ ಹಿಂದಿನ ಮಾತು. ಆಗ ನಾನು ದೊಡ್ಡಬಳ್ಳಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞನಾಗಿದ್ದೆ. ನಮ್ಮದು ಹೆಸರು ಬಾರದ ಕೆಲಸ. ಮಂಡಿ ಬದಲಾಯಿಸಿದ ಸರ್ಜನ್ನರನ್ನು ಊರೆಲ್ಲ ಹೊಗಳುತ್ತದೆ. ನೋವಾಗದಂತೆ ನೋಡಿಕೊಂಡವನ ಮುಖ ರೋಗಿಗೇ ನೆನಪಿರುವುದಿಲ್ಲ. ನನ್ನನ್ನು ಗಮನಿಸಿದವರು ಚೌಡಮ್ಮ.

ಪವರ್‌ಲೂಮ್ ಮುಂದೆ ಮೂವತ್ತು ವರ್ಷ ನಿಂತೇ ದುಡಿದ ಹೆಂಗಸು. ಬಲ ಮಂಡಿ ಪೂರ್ತಿ ಸವೆದು, ಬಚ್ಚಲಿಗೆ ಹೋಗಲೂ ಒಬ್ಬರು ಹಿಡಿದುಕೊಳ್ಳಬೇಕಿತ್ತು. ಹಳೇ ಉಬ್ಬಸದಿಂದ ಶ್ವಾಸಕೋಶ ಸೋತಿದ್ದರಿಂದ ಪ್ರಜ್ಞೆ ತಪ್ಪಿಸುವುದು ಅಪಾಯ. ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಡೋಣವೆಂದರೆ ಅಲ್ಲಿ ಹಿಂದೊಮ್ಮೆ ಆಪರೇಷನ್ ಮಾಡಿ ರಾಡು ಹಾಕಿದ್ದರು, ಸೂಜಿ ಇಳಿಸುವುದು ಕಷ್ಟ. ಎರಡು ಆಸ್ಪತ್ರೆಗಳು ಕೈಚೆಲ್ಲಿದ್ದವು.

“ನನ್ ಕಾಲ್ ಮೇಲೆ ನಾನು ನಿಂತ್ಕೋಬೇಕು ಸಾರ್. ಅಷ್ಟು ಮಾಡ್ಕೊಡಿ,” ಎಂದರು.

ಉಳಿದದ್ದು ನರ್ವ್ ಬ್ಲಾಕ್. ಅಲ್ಟ್ರಾಸೌಂಡ್ ಪರದೆಯಲ್ಲಿ ಕಾಲಿನ ನರಗಳನ್ನು ಹುಡುಕಿ, ಒಂದೊಂದರ ಸುತ್ತ ಮದ್ದು ಬಿಟ್ಟು, ಆ ಕಾಲನ್ನಷ್ಟೇ ಮರಗಟ್ಟಿಸುವುದು. ಸಾಮಾನ್ಯವಾಗಿ ಇದನ್ನು ಆಪರೇಷನ್ ನಂತರದ ನೋವಿಗೆ ಕೊಡುತ್ತೇವೆ. ಇದೊಂದನ್ನೇ ನಂಬಿ ಮಂಡಿ ಬದಲಾಯಿಸುವುದು ಅಪರೂಪ. ರೋಗಿ ಎಚ್ಚರವಾಗಿರುತ್ತಾರೆ, ನೋವು ಕಂಡರೆ ಅಲುಗಾಡದೆ ತಿಳಿಸಬೇಕು. ಮಗ್ಗದ ಸದ್ದಿಗೆ ಚೌಡಮ್ಮನವರ ಕಿವಿ ಮಂದವಾಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ನಮ್ಮ ತುಟಿಯೋ ಮಾಸ್ಕ್ ಒಳಗೆ.

ನನ್ನ ಚಿಂತೆ ಹೇಳಿದೆ. ಅವರು ನಕ್ಕುಬಿಟ್ಟರು. “ಶೆಡ್ಡಲ್ಲಿ ಯಾರ್ ಮಾತು ಯಾರಿಗೆ ಕೇಳ್ಸುತ್ತೆ ಸಾರ್? ಎಳೆ ಕಿತ್ತೋದ್ರೆ ಹಿಂಗೆ ಬೆರಳೆತ್ತೀವಿ, ಮಗ್ಗ ನಿಲ್ಲಿಸ್ತಾರೆ. ಕೈ ಬೀಸಿದ್ರೆ ಓಡ್ಸು ಅಂತ.”

ಅದನ್ನೇ ಗೊತ್ತುಮಾಡಿಕೊಂಡೆವು. ಆಪರೇಷನ್ ಶುರುವಾಯಿತು. ಮೂಳೆ ಕೊಯ್ಯುವ ಗರಗಸ, ಸುತ್ತಿಗೆಯ ಸದ್ದಿಗೆ ಗಟ್ಟಿಗರೇ ಬೆವರುತ್ತಾರೆ. ಚೌಡಮ್ಮ ಆರಾಮಾಗಿ ಮಲಗಿದ್ದರು. ನಡುವೆ ಬೆರಳು ಮೇಲೆದ್ದಿತು. “ನಿಲ್ಲಿಸಿ!” ಎಂದೆ. ಸರ್ಜನ್ ಕೈ ತೆಗೆದರು. ಮಂಡಿಯ ಒಳಮಗ್ಗುಲು ಪೂರ್ತಿ ಮರಗಟ್ಟಿರಲಿಲ್ಲ. ಮಿತಿಯೊಳಗೆ ಇನ್ನಷ್ಟು ಮದ್ದು ಕೊಡಲು ಅವಕಾಶವಿತ್ತು. ಅಲ್ಲಿಗೆ ಕೊಟ್ಟು ಕಾದೆವು. ಅವರ ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. ಎಂಥ ಗಟ್ಟಿ ಜೀವ ಅನ್ನಿಸಿತು. ಕೊನೆಗೆ ಕೈ ಬೀಸಿದರು.

ಹೊಲಿಗೆ ಹಾಕುವಾಗ ಮತ್ತೆ ಬೆರಳೆದ್ದಿತು. ಎಲ್ಲರೂ ಗಕ್ಕನೆ ನಿಂತೆವು. ಕಿವಿಯ ಹತ್ತಿರ ಬಗ್ಗಿ, “ಎಲ್ಲಮ್ಮಾ ನೋವು?” ಎಂದು ಜೋರಾಗಿ ಕೇಳಿದೆ.

“ನಂಗೇನಿಲ್ಲ ಸಾರ್. ಆಗ್ಲಿಂದ ನಿಂತೇ ಇದೀರಾ. ಒಸಿ ಕೂತ್ಕಳಿ, ಮಂಡಿ ಹೋಗ್ಬಿಡ್ತವೆ.”

ಮರುದಿನ ಮರಗಟ್ಟಿದ್ದು ಇಳಿದ ಮೇಲೆ ಅವರು ವಾಕರ್ ಹಿಡಿದು ತಮ್ಮ ಕಾಲ ಮೇಲೆ ನಿಂತರು. ನರ ಎಲ್ಲಿದೆಯೆಂದು ಯಂತ್ರ ತೋರಿಸುತ್ತದೆ, ನೋವು ಎಲ್ಲಿದೆಯೆಂದು ರೋಗಿಯೇ ಹೇಳಬೇಕು. ಅಂದಿನಿಂದ ಎಚ್ಚರವಿರುವ ಪ್ರತಿ ರೋಗಿಯನ್ನೂ ಮೊದಲು ಕೇಳುತ್ತೇನೆ: ನೋವಾದರೆ ನನಗೆ ಹೇಗೆ ಹೇಳುತ್ತೀರಿ? ಆಮೇಲೆ ಸ್ಟೂಲ್ ಎಳೆದುಕೊಂಡು, ಅವರ ಕೈ ಕಾಣುವಂತೆ, ಕೂತುಕೊಳ್ಳುತ್ತೇನೆ.