ಟೇಪು ಹಿಡಿದು ಬಂದ ಸಾಹೇಬ

ಮೊನ್ನೆ ಜೋಳ ಬೀಸಿಸಲು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಯಂತ್ರದ ಪಟ್ಟಾ ಜಾರುತ್ತಿದೆಯೆಂದು ಗಿರಣಿಯವನು ತಿರುಗುತ್ತಿದ್ದ ಹಳೆಯ ಚರ್ಮದ ಪಟ್ಟಾಕ್ಕೆ ರಾಳದ ತುಂಡು ಒತ್ತಿ ಹಿಡಿದ. ಬಿಸಿ ಚರ್ಮಕ್ಕೆ ರಾಳ ತಾಗಿ ಕಮಟು ವಾಸನೆ ಎದ್ದಿತು... ಜೋಳದ ಡಬ್ಬಿ ಅಲ್ಲೇ ಇಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಆ ವಾಸನೆಯ ಜೊತೆ ನೆನಪಾದವನು ಒಬ್ಬ ಸಾಹೇಬ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಅವನು ಸತ್ತನೋ ಇದ್ದಾನೋ ನನಗೆ ಗೊತ್ತಿಲ್ಲ, ಹಾಗಾಗಿ ಆಡಲು ಅಡ್ಡಿಯಿಲ್ಲ. ಸಾಹೇಬ ಎಂದೇ ಕರೆಯುತ್ತೇನೆ, ಬಹುವಚನ ಮಾತ್ರ ಕೊಡಲಾರೆ.

ಜತ್ತ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಉಮದಿಗೂ ಸಂಖಕ್ಕೂ ನಡುವಿದ್ದ ನಮ್ಮ ಊರಿನ ಹೊರಗೆ, ಹತ್ತಿಯಿಂದ ಕಾಳು ಬೇರೆ ಮಾಡುವ ಒಂದು ಗಿರಣಿ ಇತ್ತು. ಜಿನ್ ಎನ್ನುತ್ತಿದ್ದೆವು. ಅಲ್ಲಿಯ ಪಟ್ಟಾಗಳಿಗೂ ಇದೇ ರಾಳ, ಇದೇ ವಾಸನೆ. ಮೂವತ್ತು ಹೆಂಗಸರು ಸಾಲಾಗಿ ನಿಂತು ಯಂತ್ರಗಳ ಬಾಯಿಗೆ ಹತ್ತಿ ಹಾಕುತ್ತಿದ್ದೆವು. ನಮ್ಮ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ, ಸೊಂಟದ ಎತ್ತರಕ್ಕೆ, ಎಲ್ಲ ಯಂತ್ರಗಳನ್ನು ತಿರುಗಿಸುವ ಉದ್ದನೆಯ ಕಬ್ಬಿಣದ ದಂಡ ಗರಗರ ತಿರುಗುತ್ತಿತ್ತು. ಅದಕ್ಕೆ ಮರೆಯಿಲ್ಲ, ಮುಚ್ಚಳವಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಗಿಸಬೇಕೆಂದು ನನಗೆ ಕಲಿಸಿದವಳು ನನ್ನ ಬಲಕ್ಕೆ, ಸಾಲಿನ ತುದಿಯಲ್ಲಿ ನಿಲ್ಲುತ್ತಿದ್ದ ಅಕ್ಕ. ಒಡಹುಟ್ಟಿದವಳಲ್ಲ, ನಮ್ಮ ಓಣಿಯವಳು. ಅವಳ ಗಂಡ ವರ್ಷದಲ್ಲಿ ಎಂಟು ತಿಂಗಳು ಕುರಿಹಿಂಡಿನ ಹಿಂದೆ ಊರೂರು ಅಲೆಯುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅವಳ ರಟ್ಟೆಯ ಬಲದಿಂದ.

ಜಿನ್ನಿನ ಮಾಲಕರನ್ನು ಸಾವಕಾರರು ಎನ್ನುತ್ತಿದ್ದೆವು. ಅವರು ದಿನಕ್ಕೊಮ್ಮೆ ಒಳಗೆ ಸುತ್ತು ಹಾಕುತ್ತಿದ್ದರು. ಅವರು ಹೊಸ್ತಿಲು ದಾಟುವ ಮೊದಲೇ ನಮ್ಮ ಮೇಲ್ವಿಚಾರಣೆಯ ಮುಕಾದಮ ಬಾಗಿಲಲ್ಲಿ ನಿಂತು ‘ಸಾವಕಾರ್ರು ಬಂದ್ರು’ ಎಂದು ಕೂಗುತ್ತಿದ್ದ. ಕೂಗು ಕಿವಿಗೆ ಬಿದ್ದದ್ದೇ ತಡ, ಎಲ್ಲರೂ ಸಿಗಿಸಿದ ಸೆರಗು ಕಿತ್ತು ತಲೆಯ ಮೇಲೆ ಹೊದೆಯಬೇಕು. ದೊಡ್ಡವರ ಎದುರು ಬರಿತಲೆಯಲ್ಲಿ ನಿಲ್ಲುವುದುಂಟೆ? ಇದು ಎಲ್ಲೂ ಬರೆದಿಟ್ಟದ್ದಲ್ಲ. ಆದರೆ ಹೊಸದಾಗಿ ಬಂದವಳೊಬ್ಬಳು ಕೈತುಂಬ ಹತ್ತಿ ಹಿಡಿದುಕೊಂಡು ಹಾಗೇ ನಿಂತದ್ದಕ್ಕೆ, ನಾಳೆಯಿಂದ ಬರಬೇಡ ಎಂದು ಮುಕಾದಮ ಹೇಳಿ ಕಳಿಸಿದ್ದ. ಆಮೇಲೆ ಯಾರಿಗೂ ಎರಡನೆಯ ಸಲ ಹೇಳುವ ಕೆಲಸ ಬೀಳಲಿಲ್ಲ.

ಆ ಸುಗ್ಗಿಯಲ್ಲೇ ಇಬ್ಬರ ಸೆರಗು ದಂಡಕ್ಕೆ ಸಿಕ್ಕು ಹರಿದಿತ್ತು. ಎರಡು ಸಲವೂ ಸಾವಕಾರರ ಸುತ್ತಿನ ಹೊತ್ತು. ಹೆಂಗಸರಿಗೆ ಹರಟೆ ಜಾಸ್ತಿ ಆಗಿದೆ ಎಂದು ಮುಕಾದಮ ಬೈದು ಸುಮ್ಮನಾದ. ಮೂರನೆಯ ಸಲ ಸಿಕ್ಕವಳು ಅಕ್ಕ. ಮುಕಾದಮ ಕೂಗಿದ, ನಾನೂ ಸೆರಗು ಕಿತ್ತೆ, ಅವಳೂ ಕಿತ್ತಳು. ಅವಳದ್ದು ಇಳಕಲ್ ಸೀರೆ, ಉದ್ದನೆಯ ಸೆರಗು. ದಂಡದ ಗಾಳಿಗೆ ಅದರ ತುದಿ ಹಿಂದಕ್ಕೆ ಹಾರಿತು. ನಾನು ನೋಡುತ್ತಿದ್ದೆ. ದಂಡ ಸೆರಗನ್ನು ಸುತ್ತಿಕೊಂಡಿತು, ಬಿಡಿಸಿಕೊಳ್ಳಲು ಹೋದ ಬಲಗೈಯನ್ನೂ ಎಳೆದುಕೊಂಡಿತು... ಇಂಜಿನ್ ನಿಲ್ಲಿಸುವ ಹೊತ್ತಿಗೆ ಅವಳಿಗೆ ಎಚ್ಚರವಿರಲಿಲ್ಲ. ಸಾವಕಾರರ ಮೋಟಾರಿನಲ್ಲೇ ಮಿರಜಿನ ದವಾಖಾನೆಗೆ ಒಯ್ದರು. ಅಲ್ಲಿ ಭುಜದಿಂದ ಕೈ ತೆಗೆದರು.

ಎಂಟು ದಿನದ ಮೇಲೆ ಅದರ ತನಿಖೆಗೆ ಬಂದವನೇ ಈ ಸಾಹೇಬ. ಕಾರಖಾನೆಗಳಲ್ಲಿ ಅಪಘಾತವಾದರೆ ಕಾರಣ ಹುಡುಕುವುದು ಅವನ ನೌಕರಿ. ತಪ್ಪು ಜಿನ್ನಿನದು ಎಂದು ಅವನು ಬರೆದರೆ ಅಕ್ಕನಿಗೆ ಪರಿಹಾರ ಸಿಗುತ್ತಿತ್ತು, ಕೂತು ಮಾಡುವ ಯಾವುದಾದರೂ ಕೆಲಸವನ್ನೂ ಕೊಡಬೇಕಾಗುತ್ತಿತ್ತು. ತಪ್ಪು ಅವಳದೆಂದರೆ ಒಂದು ಕೈಯ ಹೆಂಗಸು ಬೀದಿಗೆ ಬಿದ್ದಂತೆಯೇ. ಸಾಹೇಬ ಬಂದದ್ದು ಸಾಂಗಲಿಯಿಂದ. ಸಾಂಗಲಿಯಿಂದ ಮಿರಜ ಎಷ್ಟು ದೂರ? ಟಾಂಗಾದಲ್ಲಿ ಹೋದರೂ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸು ಬರಬಹುದು. ಕೈ ಕಳೆದುಕೊಂಡವಳು ಅವನ ಮನೆಯ ಮಗ್ಗುಲಲ್ಲೇ ಮಲಗಿದ್ದಳು. ಅವಳನ್ನು ಬಿಟ್ಟು ಇಷ್ಟು ದೂರ ಧೂಳು ಕುಡಿಯುತ್ತ ಬಂದು, ಆ ಪುಣ್ಯಾತ್ಮ ಕೇಳಿದ್ದು ಮುಕಾದಮನನ್ನು.

ಮೊದಲು ಊಟವಾಯಿತು. ಸಾವಕಾರರ ಮನೆಯಲ್ಲಿ ಶೇಂಗಾದ ಹೋಳಿಗೆ, ಮೇಲೆ ತುಪ್ಪ. ತನಿಖೆ ಅರ್ಧ ಅಲ್ಲೇ ಮುಗಿದಿತ್ತೆಂದು ನನ್ನ ಲೆಕ್ಕ. ಆಮೇಲೆ ಜಿನ್ನಿಗೆ ಬಂದು, ಸದ್ದಿಗೆ ತಲೆ ನೋಯುತ್ತದೆಂದು ಇಂಜಿನ್ ನಿಲ್ಲಿಸಲು ಹೇಳಿದ. ಕಿಸೆಯಿಂದ ಟೇಪು ತೆಗೆದ. ನಿಂತ ದಂಡದ ದಪ್ಪ ಅಳೆದ, ನೆಲದಿಂದ ಎತ್ತರ ಅಳೆದ, ದಂಡದಿಂದ ಅಕ್ಕ ನಿಲ್ಲುತ್ತಿದ್ದ ಜಾಗಕ್ಕೆ ದೂರ ಅಳೆದ. ಬಾಗಿಲಿನ ಅಗಲವನ್ನೂ ಅಳೆದ, ಯಾಕೆಂದು ದೇವರಿಗೇ ಗೊತ್ತು. ಅಳೆದದ್ದನ್ನೆಲ್ಲ ಅವನ ಜೊತೆ ಬಂದಿದ್ದ ಕಾರಕೂನ ಬರೆದುಕೊಂಡ. ನಮಗೆ ಮರಾಠಿ ಬರುವುದಿಲ್ಲವೆಂದು ತಾನೇ ನಿರ್ಧರಿಸಿ, ಎಲ್ಲವನ್ನೂ ಮುಕಾದಮನ ಬಾಯಿಂದ ಕೇಳಿಸಿದ. ಉಮದಿಯ ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡಿ ಬರುವ ಹೆಂಗಸರು ನಾವು! ಅವನು ಕೇಳಿಸಿದ್ದು ಒಂದೇ ಪ್ರಶ್ನೆ, ಆ ಹೊತ್ತಿಗೆ ಅವಳು ಮಾತಾಡುತ್ತಿದ್ದಳೇ ಎಂದು. ನೀರು ಕೊಡು ಅಂದಿದ್ದಳು ಎಂದು ಯಾರೋ ಹೇಳಿದರು. ಸಾಹೇಬನ ಮುಖ ಅರಳಿತು. ಹರಟೆ ಎಂದು ಬರೆದುಕೊಂಡ.

ಕೊನೆಗೆ ಅವನಿಗೆ ಯಂತ್ರ ನಡೆಯುವುದನ್ನೂ ನೋಡುವ ಮನಸ್ಸಾಯಿತು. ಇಂಜಿನ್ ಶುರುವಾಯಿತು, ನಾವು ಸೆರಗು ಸಿಗಿಸಿ ನಿಂತೆವು. ಸಾಹೇಬ ಸಾವಕಾರರ ಜೊತೆ ಬಾಗಿಲಲ್ಲಿ ಕಾಣಿಸಿಕೊಂಡ. ಮುಕಾದಮ ರೂಢಿಯಂತೆ ಕೂಗಿದ. ಸಾಲಿನ ಸೆರಗುಗಳೆಲ್ಲ ಒಮ್ಮೆಲೇ ಸೊಂಟ ಬಿಟ್ಟು ತಲೆಗೇರಿದವು. ನನ್ನ ಎಡಕ್ಕಿದ್ದವಳ ಸೆರಗು ಹಿಂದಕ್ಕೆ ಹಾರಿ ದಂಡಕ್ಕೆ ಗೇಣು ದೂರದಲ್ಲಿ ಪಟಪಟ ಬಡಿದು ವಾಪಸು ಬಂತು. ಸಾಹೇಬನ ಕಣ್ಣು ಅದರ ಮೇಲೇ ಇತ್ತು, ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಈಗ ತಿಳಿಯಿತು ಇವನಿಗೆ ಅಂದುಕೊಂಡೆ. ಅವನು ಸಾವಕಾರರ ಕಡೆ ತಿರುಗಿ ಮರಾಠಿಯಲ್ಲಿ, ನಿಮ್ಮ ಹೆಂಗಸರು ಭಾರಿ ಮರ್ಯಾದಸ್ಥರು, ನಮ್ಮ ಕಡೆ ಇಂಥದ್ದು ಈಗ ಕಾಣಸಿಗುವುದಿಲ್ಲ ಎಂದ.

ಕಾರಣ ತಾನಾಗಿ ಎದ್ದು ಬಂದು ಅವನ ಮೂಗಿನ ಮುಂದೆ ಕುಣಿದಿತ್ತು. ಅವನು ಅದಕ್ಕೆ ಶಹಬ್ಬಾಸ್ ಹೇಳಿ ಕಳಿಸಿದ.

ಆಮೇಲೆ ಕಚೇರಿಯ ಪಡಸಾಲೆಗೆ ನನ್ನನ್ನು ಕರೆಸಿದರು. ಅಕ್ಕನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ನಾನೊಬ್ಬಳೇ. ಸಾವಕಾರರು ಕುರ್ಚಿಯಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಿದ್ದರು.

“ನೀ ಬಾಜೂಕ ನಿಂತಿದ್ದಿ. ಏನ ನೋಡಿದಿ, ಸಾಹೇಬ್ರಿಗೆ ಹೇಳು” ಎಂದ ಮುಕಾದಮ.

ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹೇಳಬೇಕಾದದ್ದು ಏನು? ಸಾವಕಾರರು ಬಂದದ್ದಕ್ಕೆ ಅಕ್ಕನ ಕೈ ಹೋಯಿತು ಎಂದು, ಸಾವಕಾರರ ಎದುರಿಗೇ. ಮನೆಯಲ್ಲಿ ಅತ್ತೆ, ಎರಡು ಕೂಸು, ನನ್ನ ಕೂಲಿಯ ಮೇಲೇ ಒಲೆ ಹೊತ್ತುತ್ತಿತ್ತು. ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

“ನಾ ನೋಡಲಿಲ್ರಿ” ಎಂದೆ.

ಸಾಹೇಬ ಪೆನ್ನಿನ ಟೋಪಿ ಹಾಕಿದ.

ಕೆಲಸಗಾರ್ತಿಯ ನಿಷ್ಕಾಳಜಿ ಎಂದು ಅವನು ಬರೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಕ್ಕನ ಗಂಡ ಹಿಂಡು ಬಿಟ್ಟು ಬಂದು ಸಾವಕಾರರ ಕಾಲು ಹಿಡಿದ. ಅವರು ಸಮಾಧಾನದಿಂದಲೇ ಸರಕಾರದ ಕಾಗದ ತೋರಿಸಿ, ನಮ್ಮ ಕೈಯಲ್ಲಿ ಏನೂ ಇಲ್ಲ ಅಂದರು. ಪಕ್ಕದಲ್ಲಿ ನಿಂತವಳೇ ಏನೂ ನೋಡಿಲ್ಲ ಅಂದಿದ್ದಾಳಲ್ಲ ಎಂದು ಮುಕಾದಮ ಸೇರಿಸಿದನಂತೆ. ಸಾಹೇಬನ ಸಲಹೆಯ ಮೇರೆಗೆ ಜಿನ್ನಿನ ಗೋಡೆಗೆ ಒಂದು ಹಲಗೆ ಬಂತು. ಜಾಗರೂಕತೆಯಿಂದ ಕೆಲಸ ಮಾಡಿರಿ ಎಂದು ಮರಾಠಿಯಲ್ಲಿ ದಪ್ಪ ಅಕ್ಷರ. ಮೂವತ್ತು ಜನರಲ್ಲಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೆ.

ಮುಂದಿನ ಸುಗ್ಗಿಗೆ ಅಕ್ಕನ ಜಾಗದಲ್ಲಿ ಬಿಳೂರಿನಿಂದ ಮದುವೆಯಾಗಿ ಬಂದ ಹುಡುಗಿ ನಿಂತಳು. ಸೆರಗು ಬಿಗಿಯಾಗಿ ಸಿಗಿಸಲು ಅವಳಿಗೆ ನಾನೇ ಕಲಿಸಿದೆ. ಸಾವಕಾರರು ಬಂದಾಗ ಬಿಚ್ಚಬೇಕೆಂದೂ ನಾನೇ ಕಲಿಸಿದೆ. ದೀಪಾವಳಿ ಕಳೆದು ತಿಂಗಳಾಗಿರಲಿಲ್ಲ, ಅದೇ ಕೂಗು, ಅದೇ ದಂಡ... ಅವಳನ್ನು ಮಿರಜಿಗೆ ಒಯ್ಯುವ ಪ್ರಸಂಗವೇ ಬರಲಿಲ್ಲ. ಸಾಹೇಬ ಮತ್ತೆ ಬಂದ. ಅದೇ ಟೇಪಿನಿಂದ ಅದೇ ದೂರ ಅಳೆದ. ಹೋದ ವರ್ಷದ ಒಂದು ಮೊಳ ಈ ವರ್ಷ ಎರಡು ಮೊಳ ಆಗಿರುತ್ತದೆಯೇ? ಅದೇ ಮಾತು ಬರೆದ. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಹೋಗುವಾಗ ಒಂದು ಬುಟ್ಟಿ ಶೇಂಗಾ ಮೋಟಾರಿಗೆ ಏರಿತ್ತು. ಆ ಸಲ ನನ್ನನ್ನು ಯಾರೂ ಕೇಳಲಿಲ್ಲ. ಮರುದಿನದಿಂದ ನಾನು ಜಿನ್ನಿಗೆ ಹೋಗಲಿಲ್ಲ, ಕೂಲಿಗೆ ಹೊಲಕ್ಕೆ ಹೋದೆ.

ಅಕ್ಕನ ಎದುರು ಈ ವಿಷಯ ತೆಗೆಯಲು ನನಗೆ ಹತ್ತಾರು ವರ್ಷ ಬೇಕಾದವು. ಒಂದು ಮಧ್ಯಾಹ್ನ ಅವಳು ಮೊರ ಮುಂದಿಟ್ಟುಕೊಂಡು ಎಡಗೈಯೊಂದರಲ್ಲೇ ಬೇಳೆ ಆರಿಸುತ್ತಿದ್ದಳು. ಜಿನ್ ಅಷ್ಟರಲ್ಲಿ ಮುಚ್ಚಿಹೋಗಿತ್ತು. ನಾನು ಸಾಹೇಬನನ್ನು ಬಾಯಿಗೆ ಬಂದಂತೆ ಬೈದೆ. ಹೋಳಿಗೆಯಿಂದ ಹಿಡಿದು ಟೇಪಿನವರೆಗೆ ಒಂದನ್ನೂ ಬಿಡಲಿಲ್ಲ. ಕಣ್ಣ ಮುಂದೆಯೇ ಅಷ್ಟೂ ಸೆರಗು ಹಾರಿದರೂ ಆ ಕುರುಡನಿಗೆ ಕಾಣಲಿಲ್ಲ ನೋಡು ಎಂದೆ. ಅವಳು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

“ಅಂವಗ ಕಾಣಲಿಲ್ಲ, ಖರೆ ಐತಿ ತಂಗಿ” ಎಂದಳು. “ನಿನಗ ಕಂಡಿತ್ತಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾ ಕುಡಿದು ಹೋಗು ಎಂದು ಒಳಗೆ ಎದ್ದು ಹೋದಳು. ನಾನು ಕುಡಿದು ಬಂದೆ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಆ ಸಾಹೇಬನ ಹೆಸರೆತ್ತಿದರೆ ನನಗೆ ಈಗಲೂ ಹೇಸಿಗೆ ಬರುತ್ತದೆ, ಅದೇನೂ ಕಡಿಮೆಯಾಗಿಲ್ಲ. ಅವನಿಗಾದರೆ ಗೊತ್ತಾಗಲಿಲ್ಲ... ಗಿರಣಿಯವನು ಹೊರಗೆ ಬಂದು, ನಿಮ್ಮ ಹಿಟ್ಟು ಆಗಿದೆ, ಯಾಕೆ ಅಳುತ್ತೀರಿ ಎಂದು ಕೇಳಿದ. ಏನೂ ಇಲ್ಲ ಎಂದೆ.