ಠಾಣೆಯಲ್ಲೇ ಬರೆದ ಹತ್ತು ಗಂಟೆ

ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ. ಯಾದಗಿರಿಯ ಸೆಷನ್ಸ್ ಕೋರ್ಟು. ಹಾಜರಿದ್ದವರು: ನ್ಯಾಯಾಧೀಶರು, ಸರ್ಕಾರಿ ವಕೀಲರು, ಮೂವರು ಆರೋಪಿಗಳು, ಅವರ ವಕೀಲರು, ಕೊಲೆಯಾದವನ ಹೆಂಡತಿ ಶರಣಮ್ಮ, ಠಾಣೆಯ ಕಾಗದಪತ್ರ ಬರೆಯುವ ನನ್ನ ರೈಟರ್, ಹೆಡ್ ಕಾನ್‌ಸ್ಟೆಬಲ್ ಮಲ್ಲಪ್ಪ. ಸಾಕ್ಷಿಯ ಕಟಕಟೆಯಲ್ಲಿ ನಾನು. ಆಗ ನಾನು ಶಹಾಪುರ ಕಡೆ ಸರ್ಕಲ್ ಇನ್ಸ್‌ಪೆಕ್ಟರ್, ಈ ಪ್ರಕರಣದ ತನಿಖಾಧಿಕಾರಿ.

ಕೊಲೆಯಾದವನು ದೋರನಹಳ್ಳಿ ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಅವಿಶ್ವಾಸ ಗೊತ್ತುವಳಿಗೆ ಮತ ಹಾಕುವ ಹಿಂದಿನ ದಿನ ಅವನನ್ನು ಕಡಿದಿದ್ದರು. ಕಡಿದವರು ಇಬ್ಬರು. ಕಡಿಸಿದವನು ಆ ಭಾಗದ ಒಬ್ಬ ಮುಖಂಡ ಎಂಬುದು ನಮ್ಮ ಆರೋಪ. ಅದಕ್ಕೆ ನಮ್ಮಲ್ಲಿದ್ದ ಗಟ್ಟಿ ಪುರಾವೆ ಒಂದೇ: ಭೀಮರಾಯನಗುಡಿ ಹತ್ತಿರ ಅವನ ಪಂಪ್‌ಸೆಟ್ ಶೆಡ್ಡಿನಲ್ಲಿ ಸಿಕ್ಕ ಮಚ್ಚು.

ವಸ್ತು ಸಿಕ್ಕ ಜಾಗದಲ್ಲೇ, ಪಂಚರೆಂಬ ಹೊರಗಿನ ಸಾಕ್ಷಿಗಳ ಎದುರು ಬರೆಯುವ ಕಾಗದಕ್ಕೆ ಮಹಜರು ಎನ್ನುತ್ತಾರೆ. ಅದರ ಮೊದಲ ಸಾಲುಗಳಲ್ಲಿ ದಿನಾಂಕ, ವೇಳೆ, ಹಾಜರಿದ್ದವರ ಹೆಸರು ಇರಬೇಕು. ಬಿಸಿಲಲ್ಲಿ ನಿಂತು ಬರೆದರೆ ಚಿತ್ತು ಹೆಚ್ಚು ಎಂದು ನಾನೊಂದು ನಿಯಮ ಮಾಡಿದ್ದೆ: ಆ ಸಾಲುಗಳನ್ನು ಠಾಣೆಯಲ್ಲೇ ಬರೆದುಕೊಂಡು ಹೊರಡಬೇಕು. ಅಂದು ಮಲ್ಲಪ್ಪ ‘ಬೆಳಿಗ್ಗೆ ಹತ್ತು’ ಎಂದು ಬರೆದ. ಅಷ್ಟರಲ್ಲಿ ಸುರಪುರದ ಮೆರವಣಿಗೆಯ ಬಂದೋಬಸ್ತಿಗೆ ಕರೆ ಬಂತು. ಅದನ್ನು ಮುಗಿಸಿ, ಶಹಾಪುರದಲ್ಲಿ ಪಂಚರನ್ನು ಹತ್ತಿಸಿಕೊಂಡು ಶೆಡ್ಡು ತಲುಪಿದಾಗ ಎರಡೂವರೆ. ಮಚ್ಚು ತೆಗೆದೆವು, ಉಳಿದದ್ದು ಬರೆದೆವು, ಸಹಿ ಮಾಡಿಸಿದೆವು. ಹತ್ತು ಹಾಗೇ ಉಳಿಯಿತು.

ಎದುರು ವಕೀಲರು ಆ ಮಹಜರನ್ನೂ ನನ್ನ ಬಂದೋಬಸ್ತ್ ಡೈರಿಯ ನಕಲನ್ನೂ ಒಟ್ಟಿಗೆ ಎತ್ತಿ ಹಿಡಿದರು.

“ಹತ್ತಕ್ಕ ನೀವು ಸುರಪುರದಾಗಿದ್ರೋ, ಶೆಡ್ಡಿನಾಗಿದ್ರೋ? ಎರಡೂ ಕಡಿ ಇರಾಕ ನೀವೇನ್ ದೇವರೇನ್ರಿ?”

ಹಿಂದೆ ಯಾರೋ ನಕ್ಕರು. ಊಟದ ನಂತರ ಮೂಲ ಡೈರಿ ತರಿಸಿ ಎಂದು ಹೇಳಿ ನ್ಯಾಯಾಧೀಶರು ಎದ್ದರು.

ಹೊರಗೆ ಮಲ್ಲಪ್ಪ ಹತ್ತಿರ ಬಂದ. “ನನ್ನ ಮ್ಯಾಲ ಹಾಕ್ರಿ ಸಾಹೇಬ್ರ. ಬಿಸಿಲಿಗೆ ತಲಿ ತಿರುಗಿ ತಪ್ಪು ಬರದಾನ ಅನ್ರಿ. ಇನ್ನೆರಡು ವರ್ಷಕ್ಕ ಮನಿಗೆ ಹೋಗಾಂವ ನಾನು.”

“ಸುಳ್ಳು ಹೇಳಂತೀಯೇನು?”

“ಅರ್ಧ ಸುಳ್ಳರಿ. ಬರದಾಂವ ನಾನೇ ಅಲ್ಲೇನ್ರಿ?”

ನಾನು ಊಟ ಮಾಡಲಿಲ್ಲ. ಮಲ್ಲಪ್ಪನ ಕೈತಪ್ಪು ಎಂದರೆ ಮಚ್ಚು ಉಳಿಯಬಹುದು, ಅವನ ನೌಕರಿಗೆ ಕಪ್ಪು ಚುಕ್ಕೆ ಹತ್ತುತ್ತದೆ. ನಿಜ ಹೇಳಿದರೆ ಮುಖಂಡ ಬಿಡುಗಡೆಯಾಗಬಹುದು. ಮೂರನೆಯ ದಾರಿ ಇರಲಿಲ್ಲ.

ಮೂರಕ್ಕೆ ಕಟಕಟೆ ಹತ್ತಿದೆ. “ವೇಳೆ ತಪ್ಪು. ಮೊದಲೇ ಬರೆದಿಡುವುದು ನನ್ನ ನಿಯಮ. ರೈಟರ್ ನನ್ನ ಆದೇಶ ಪಾಲಿಸಿದ. ಮಚ್ಚು ತೆಗೆದದ್ದು ಮಧ್ಯಾಹ್ನ ಎರಡೂವರೆಗೆ.”

“ಹಂಗಾದ್ರ ನಿಮ್ಮ ಎಲ್ಲಾ ಮಹಜರೂ ಮೊದಲ ಬರದಿಟ್ಟವೇನ್ರಿ?”

“ಮೊದಲ ಸಾಲುಗಳು ಮಾತ್ರ.”

ಅದೂ ಟೈಪಾಯಿತು. ಮುಖಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

ವರಾಂಡದಲ್ಲಿ ಶರಣಮ್ಮ ಅಡ್ಡ ನಿಂತಳು. “ಅಂವ ಬಿಟ್ಟು ಹೋಗ್ತಾನೇನ್ರಿ?”

“ಹೋಗಬಹುದವ್ವ. ತಪ್ಪು ನಂದು.”

“ನಿಮ್ಮ ಶಿಸ್ತು ಬಂದು ನಮ್ಮ ಮನಿ ಮ್ಯಾಲ ಬಿತ್ತಲ್ರಿ.” ಸೆರಗು ಸೊಂಟಕ್ಕೆ ಸಿಕ್ಕಿಸಿ, “ಈಗ ಏನ್ ಮಾಡೋದೈತಿ ಹೇಳ್ರಿ” ಎಂದಳು.

ಮಚ್ಚು ತೆಗೆದಾಗ ಜೊತೆಗಿದ್ದ ಪಂಚ ಖಾಜಾಸಾಬ ಬೆಳಿಗ್ಗೆಯೇ ಸಾಕ್ಷ್ಯ ಮುಗಿಸಿದ್ದ; ಸಾಕ್ಷಿ ಭತ್ಯೆ ಕೈಗೆ ಬಂದ ಮೇಲೆ ಈಗ ಬಸ್ಸಿಗೆ ಕಾಯುತ್ತ ಗೇಟಿನ ಹತ್ತಿರ ನಿಂತಿದ್ದ. ಶಹಾಪುರದಲ್ಲಿ ಅವನ ಸೈಕಲ್ ರಿಪೇರಿ ಅಂಗಡಿ. ಆ ದಿನದ ವೇಳೆ ನೆನಪಿದೆಯೇ ಎಂದು ನಮ್ಮ ಜೊತೆ ಹೊರಬಂದಿದ್ದ ಸರ್ಕಾರಿ ವಕೀಲರು ಕೇಳಿದರು.

“ಮಧ್ಯಾಹ್ನದ ನಮಾಜ್ ಮುಗಿಸಿ ಮಸೀದಿ ಮುಂದ ಜೀಪ್ ಹತ್ತೀನ್ರಿ. ಬೆಳಿಗ್ಗೆ ಕಟಕಟ್ಯಾಗ ಯಾರ್ ಕೇಳ್ಯಾರ?”

ಅವನನ್ನು ಮತ್ತೆ ವಿಚಾರಿಸಲು ಸರ್ಕಾರಿ ವಕೀಲರು ಅರ್ಜಿ ಹಾಕಿದರು. ಎದುರು ಕಡೆಯ ಆಕ್ಷೇಪಣೆ ಕೇಳಿ ನ್ಯಾಯಾಧೀಶರು ಒಪ್ಪಿದರು: ನಾಳೆ ಬೆಳಿಗ್ಗೆ. ಸಮನ್ಸ್ ಜಾರಿ ಮಾಡುವ ಕೆಲಸ ನನಗೆ ಬಂತು.

ಆಗುವ ಮುನ್ನ ಬರೆದ ಒಂದು ಸಾಲು, ಆದ ಮೇಲೆ ಬರೆದ ಎರಡು ಪುಟವನ್ನು ಸುಳ್ಳಾಗಿಸಬಲ್ಲದು. ನೌಕರಿ ಇದನ್ನು ನನಗೆ ಕಲಿಸಿತು, ಆದರೆ ದಂಡ ತೆರಬೇಕಾದವನು ನಾನಾಗಿರಲಿಲ್ಲ.

“ಮತ್ತ ಕಟಕಟಿ ಹತ್ತಬೇಕಾ?” ನಾನು ಚಾಚಿದ ಸಮನ್ಸನ್ನು ಖಾಜಾಸಾಬ ಮುಟ್ಟಲಿಲ್ಲ. “ಇವತ್ತು ಹೇಳಿದ್ದಕ್ಕ ಆ ಮುಖಂಡನ ಮಂದಿ ಆಗಲೇ ಅಂಗಡಿ ಮುಂದ ನಿಂತಾರಂತ ಮಗಳು ಫೋನ್ ಮಾಡ್ಯಾಳ.”

“ಇಬ್ಬರು ಪೇದೆಗಳನ್ನ ಕಳಿಸ್ತೀನಿ.”

“ಎಷ್ಟ್ ದಿನ ಸಾಬ್?”

ನಾನು ಸಹಿಗೆ ಪೆನ್ನು ಮುಂದೆ ಹಿಡಿದೆ.

“ತಗೊಳ್ಳದಿದ್ರ?”

“ವಾರಂಟ್ ಬರ್ತದ.”

“ತರಾವ್ರು ಯಾರು?”

“ನಾನೇ.”

ಅವನು ನಮ್ಮ ಹಿಂದೆ ಗೇಟಿನವರೆಗೆ ಬಂದಿದ್ದ ಶರಣಮ್ಮನ ಕಡೆ ನೋಡಿದ. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಉರ್ದುವಿನಲ್ಲಿ ಸಹಿ ಹಾಕಿದ. ಒಂದು ಪ್ರತಿ ಅವನ ಕೈಗೆ ಕೊಟ್ಟು, ಸಹಿಯಾದ ಪ್ರತಿಯನ್ನು ಕೋರ್ಟ್ ಕಚೇರಿಗೆ ಒಪ್ಪಿಸಿದೆ.